ಸ್ಕಿಟ್‌ನಲ್ಲಿ ನಗದೇ ನಿಂತವರ ಬಗ್ಗೆ ಯಾಕೆ ಯಾರೂ ಮಾತಾಡಲ್ಲ? (ಮಜಾ ಟಾಕೀಸ್, ಕಾಮಿಡಿ ಕಿಲಾಡಿಗಳು, ಇತ್ಯಾದಿ)

ಹಳೇ_ನೋಡುಗ
ದೂರದರ್ಶನದಲ್ಲಿ ‘ಸಿಹಿಕಹಿ’ ಬರ್ತಿದ್ದ ಕಾಲದಿಂದ ಕನ್ನಡ ಟಿವಿ ಹಾಸ್ಯ ನೋಡ್ಕೊಂಡು ಬಂದವನು ನಾನು. ಈಗ ಶನಿವಾರ ಭಾನುವಾರ ಬಂದ್ರೆ ಯಾವ ಚಾನೆಲ್ ಹಾಕಿದ್ರೂ ಸ್ಕಿಟ್. ಪ್ರತಿಭೆಗೇನೂ ಬರ ಇಲ್ಲ. ಆದ್ರೆ ಯಾರು ಚೆನ್ನಾಗಿ ಮಾಡಿದ್ರು ಅಂತ ಕೇಳಿದ್ರೆ ಎಲ್ಲರ ಬಾಯಲ್ಲೂ ಬರೋದು ಪಂಚ್ ಹೊಡೆದವರ ಹೆಸರು. ಆ ಪಂಚ್ ತಗೊಂಡು, ಮುಖದಲ್ಲಿ ಒಂದು ಗೆರೆ ಅಲ್ಲಾಡಿಸದೆ ನಿಂತವರನ್ನ ಯಾರೂ ನೆನೆಸಲ್ಲ. ನನ್ನ ವಾದ ಇಷ್ಟೇ: ಸ್ಕಿಟ್ ನಿಲ್ಲೋದು ಅವರ ಮೇಲೆ.

ನನ್ನ ಮಟ್ಟಿಗೆ ಇದರಲ್ಲಿ ಮೊದಲ ಹೆಸರು ಅಪರ್ಣಾ. 2015ರಲ್ಲಿ ಮಜಾ ಟಾಕೀಸ್ ಶುರುವಾದಾಗ ನಾವು ಅವರನ್ನ ನೋಡ್ತಿದ್ದಿದ್ದು ನಿರೂಪಕಿ ಅಂತ. ‘ಮಸಣದ ಹೂವು’ ಸಿನಿಮಾದಿಂದ ಬಂದವರು, ಆಮೇಲೆ ವರ್ಷಗಟ್ಟಲೆ ವೇದಿಕೆ ಮೇಲೆ ಒಂದು ಅಕ್ಷರ ಜಾರದ ಕನ್ನಡ ಆಡಿದವರು, ನಮ್ಮ ಮೆಟ್ರೊದಲ್ಲಿ ಮುಂದಿನ ನಿಲ್ದಾಣ ಹೇಳಿದವರು. ಅಂಥವರು ‘ಒನ್ ಅಂಡ್ ಓನ್ಲಿ ವರಲಕ್ಷ್ಮಿ’ ಅಂತ ಬಂದು ನಿಂತ್ರು. ಶೋ ನಡೆಸ್ತಿದ್ದ ಸೃಜನ್ ಲೋಕೇಶ್ ಎಷ್ಟು ಕಾಲೆಳೆದ್ರೂ ವರಲಕ್ಷ್ಮಿಗೆ ಅದು ಹೊಗಳಿಕೆಯಾಗೇ ಕೇಳಿಸ್ತಿತ್ತು. ಎಲ್ಲರೂ ತನ್ನನ್ನ ನೋಡಿ ನಗ್ತಿದ್ದಾರೆ ಅನ್ನೋದೇ ಆ ಪಾತ್ರಕ್ಕೆ ಗೊತ್ತಿಲ್ಲ. ಅದನ್ನ ಗೊತ್ತಿಲ್ಲದ ಹಾಗೆ ಮಾಡೋದು ಎಷ್ಟು ಕಷ್ಟ ಅಂತ ಒಂದ್ಸಲ ಕನ್ನಡಿ ಮುಂದೆ ಮಾಡಿ ನೋಡಿ. 2024ರ ಜುಲೈನಲ್ಲಿ ಅವರು ಹೋದಾಗ ಎಲ್ಲರೂ ಮೆಟ್ರೊ ದನಿಯನ್ನ ನೆನೆಸಿಕೊಂಡ್ರು. ಅದು ಸರಿಯೇ. ಆದ್ರೆ ಒಬ್ಬ ದೊಡ್ಡ ಹಾಸ್ಯನಟಿ ಹೋದ್ರು ಅಂತ ಯಾಕೆ ಯಾರೂ ಹೇಳಲಿಲ್ಲ?

ನಿಮ್ಮ ಲೆಕ್ಕದಲ್ಲಿ ಯಾರು? ಮತ್ತೆ ಈಗಿನ ಸ್ಕಿಟ್‌ಗಳು ಯಾಕೆ ಇಷ್ಟು ಬೇಗ ಸುಸ್ತು ಮಾಡ್ತಿವೆ?

ಪಾಂಡು_ಫ್ಯಾನ್
ಪಾಪಾ ಪಾಂಡು ಚಿದಾನಂದ್ ಬಿಟ್ಟು ಇನ್ಯಾರು ಸಾರ್? ಶಾಲಿನಿ ಅವರ ಶ್ರೀಮತಿ ಕೈಲಿ ಏಟು ತಿಂದ ಮೇಲೆ ಆ ಮನುಷ್ಯ ನೋಡ್ತಿದ್ದ ನೋಟ ಇದ್ಯಲ್ಲ, ಅದರ ಮುಂದೆ ಈಗಿನವರ ಡೈಲಾಗ್ ಎಲ್ಲ ನಿಲ್ಲಲ್ಲ.

ಸುಮಾ_ಮಲ್ಲೇಶ್ವರ
@ಪಾಂಡು_ಫ್ಯಾನ್ ಅದು ಧಾರಾವಾಹಿ ಕಣ್ರೀ, ಸ್ಕಿಟ್ ಅಲ್ಲ. ಸಿಲ್ಲಿ ಲಲ್ಲಿ, ಪಾಪಾ ಪಾಂಡು ಎರಡೂ ನನಗೆ ಪ್ರಾಣ. ರವಿಶಂಕರ್ ಅವರ ಡಾಕ್ಟರ್ ವಿಠಲ್ ರಾವ್, ಮಂಜುಭಾಷಿಣಿ ಅವರ ಸಮಾಜ ಸೇವಕಿ ಲಲಿತಾಂಬ, ಇವತ್ತಿಗೂ ನಮ್ಮನೇಲಿ ಮಾತು ಮಾತಿಗೆ ಬರ್ತಾರೆ. ಆದ್ರೆ ಅಲ್ಲಿ ಪಾತ್ರ ಬೆಳೆಯೋಕೆ ವರ್ಷಗಳ ಟೈಮ್ ಇತ್ತು. ಸ್ಕಿಟ್‌ನಲ್ಲಿ ಏಳೆಂಟು ನಿಮಿಷದಲ್ಲಿ ಒಬ್ಬ ಮನುಷ್ಯನನ್ನ ಹುಟ್ಟಿಸಿ, ಬೆಳೆಸಿ, ಮುಗಿಸಬೇಕು. ಎರಡನ್ನೂ ಒಂದೇ ತಕ್ಕಡೀಲಿ ತೂಗಬೇಡಿ.

ಪಾಂಡು_ಫ್ಯಾನ್
ಹಂಗಂದ್ರೆ ಮಜಾ ಟಾಕೀಸೂ ಸ್ಕಿಟ್ ಅಲ್ಲ ಮೇಡಂ. ಪ್ರತಿ ವಾರ ಅದೇ ಮನೆ, ಅದೇ ವರಲಕ್ಷ್ಮಿ, ಶ್ವೇತಾ ಚೆಂಗಪ್ಪ ಅವರದ್ದು ಅದೇ ರಾಣಿ. ಸಿನಿಮಾ ಪ್ರಚಾರಕ್ಕೆ ಬಂದವರು ಸೋಫಾ ಮೇಲೆ ಕೂತಿರ್ತಿದ್ರು, ಅಷ್ಟೇ ವ್ಯತ್ಯಾಸ.

ಸುಮಾ_ಮಲ್ಲೇಶ್ವರ
ಪಾಯಿಂಟ್ ಇದೆ. ಆದರೂ ಬಿಟ್ಟುಕೊಡಲ್ಲ 😄

ಚಾಮರಾಜಪೇಟೆ_ಚಂದ್ರು
ಮಜಾ ಟಾಕೀಸ್ ಅಚ್ಚು ‘ಕಾಮಿಡಿ ನೈಟ್ಸ್ ವಿತ್ ಕಪಿಲ್’ನದ್ದು. ಅದು 2013, ಇದು 2015. ಮನೆ ಸೆಟ್ಟು, ಅತಿಥಿ, ಗಂಡಸರ ಹೆಣ್ಣು ವೇಷ ಎಲ್ಲ ಅಲ್ಲಿಂದಲೇ. ಇದನ್ನ ಹೇಳದೆ ಹೊಗಳೋದು ಸರಿಯಲ್ಲ.

ರಂಗದ_ಹುಳು
@ಚಾಮರಾಜಪೇಟೆ_ಚಂದ್ರು ಅಚ್ಚು ಅಲ್ಲಿಂದ ಬಂದಿರಬಹುದು, ಒಳಗೆ ಬಿದ್ದ ಹಿಟ್ಟು ನಮ್ಮದೇ. ಅಲ್ಲಿ ಯಾರಿದ್ರು ನೋಡಿ. ಮಂಡ್ಯ ರಮೇಶ್: ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತು, ಮೈಸೂರಲ್ಲಿ ‘ನಟನ’ ಕಟ್ಟಿ ಹುಡುಗರಿಗೆ ರಂಗಭೂಮಿ ಹೇಳಿಕೊಡ್ತಿರೋರು. ವಿ. ಮನೋಹರ್: ‘ಜನುಮದ ಜೋಡಿ’ಗೆ ಸಂಗೀತ ಕೊಟ್ಟವರು, ಹಾಸ್ಯದಲ್ಲೂ ಪಳಗಿದ ಕೈ. ಮಿಮಿಕ್ರಿ ದಯಾನಂದ್: ಟಿವಿಗಿಂತ ಮೊದಲೇ ಊರೂರ ವೇದಿಕೇಲಿ ನಗಿಸಿದವರು. ಸೃಜನ್ ಮನೆತನ ಗೊತ್ತೇ ಇದೆ, ಲೋಕೇಶ್–ಗಿರಿಜಾ ಲೋಕೇಶ್ ಮಗ, ಸುಬ್ಬಯ್ಯ ನಾಯ್ಡು ಮೊಮ್ಮಗ. ಕಂಪನಿ ನಾಟಕದ ರಕ್ತ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ರಂಗಭೂಮಿಯವರಿಗೆ ಒಂದು ಅಭ್ಯಾಸ ಇರುತ್ತೆ. ಜನ ನಕ್ಕಾಗ ನಿಲ್ತಾರೆ. ನಗು ಮೇಲಕ್ಕೆ ಹೋಗಿ, ಇಳಿಯೋಕೆ ಶುರುವಾದಾಗ ಮುಂದಿನ ಮಾತು ಎತ್ತುತ್ತಾರೆ. ನಗು ಪೂರ್ತಿ ಸತ್ತ ಮೇಲೆ ಅಲ್ಲ, ಇಳಿಯುವಾಗ. ಮಂಡ್ಯ ರಮೇಶ್ ಅವರ ಯಾವುದಾದ್ರೂ ತುಣುಕು ಹಾಕಿ, ಮಾತು ಕೇಳಬೇಡಿ, ಬರೀ ನಿಲ್ಲೋದನ್ನ ನೋಡಿ. ಆ ನಿಲ್ಲುವಿಕೇಲೂ ಕೈ, ಕಣ್ಣು ಏನೋ ಮಾಡ್ತಿರುತ್ತವೆ, ಪಾತ್ರ ಯೋಚನೆ ಮಾಡ್ತಾನೇ ಇರುತ್ತೆ. ಈಗಿನ ಹುಡುಗರು ನಗುವಿನ ಮೇಲೇ ಮುಂದಿನ ಡೈಲಾಗ್ ಹೊಡೀತಾರೆ. ಎರಡೂ ಹಾಳು.

ಹುಬ್ಬಳ್ಳಿ_ಮಂದಿ
ನಾ ಒಂದ್ ಮಾತ್ ಕೇಳ್ತೀನ್ರಿ. ಉತ್ತರ ಕರ್ನಾಟಕದ ಭಾಷಾ ಮಾತಾಡೋ ಪಾತ್ರ ಬಂದ್ರ ಯಾಕ ಅಂವಾ ಯಾವಾಗ್ಲೂ ಒದರ್ತಾನ? ನಮ್ ಅಜ್ಜ ಇಡೀ ಓಣಿ ನಗಸ್ತಿದ್ದ, ಅಂವನ ದನಿ ಬಾಜೂ ಮನೀಗೆ ಕೇಳ್ತಿದ್ದಿಲ್ಲ. ಸ್ಕಿಟ್‌ನ್ಯಾಗ ‘ಲೇ’, ‘ಹೌದೋ ಹುಲಿಯಾ’ ಅಂದ್ರ ಮುಗೀತು, ಜೋಕ್ ಆತು ಅಂತಾರ. ಭಾಷಾದಾಗ ಜೋಕ್ ಹೇಳೋದ್ ಬ್ಯಾರೆ, ಭಾಷಾನ ಜೋಕ್ ಮಾಡೋದ್ ಬ್ಯಾರೆ. ಗಂಗಾವತಿ ಪ್ರಾಣೇಶ್ ಅವರ ಮಾತ್ ಕೇಳ್ರಿ, ಸಣ್ ದನಿ, ಸಾವಕಾಶ, ಎಲ್ಲೆ ಚುಚ್ಚಬೇಕೋ ಅಲ್ಲೇ ಚುಚ್ತಾರ.

ಬಾಲ್ಕನಿ_ಸೀಟು
ಪ್ರಾಣೇಶ್ ಅವರದ್ದು ಭಾಷಣ, ಸ್ಕಿಟ್ ಅಲ್ಲ. ಆದ್ರೆ ಮಾತು ನೂರಕ್ಕೆ ನೂರು ಸತ್ಯ. ಮಂಡ್ಯ ಕನ್ನಡಕ್ಕೂ ಇದೇ ಗತಿ. ‘ಏನ್ಲಾ’ ಅಂದ ತಕ್ಷಣ ನಗಬೇಕು ಅಂತಾರೆ.

ಕೆ_ಆರ್_ಪೇಟೆ_ಕಡೆಯವನು
ಒಪ್ಪಲ್ಲ. ಕಾಮಿಡಿ ಕಿಲಾಡಿಗಳು ಮೊದಲ ಸೀಸನ್ ಗೆದ್ದ ಶಿವರಾಜ್ ಕೆ.ಆರ್. ಪೇಟೆ ನಮ್ಮ ಕಡೆ ಮಾತನ್ನ ಜೋಕ್ ಮಾಡಲಿಲ್ಲ. ಅವರ ಪಾತ್ರಕ್ಕೆ ಯಾವಾಗ್ಲೂ ಒಂದು ತುರ್ತು ಇರ್ತಿತ್ತು. ಹುಡುಗಿ ಒಪ್ಪಬೇಕು, ಸಾಲ ಕೊಟ್ಟವನು ಬರೋದ್ರೊಳಗೆ ಜಾಗ ಖಾಲಿ ಮಾಡಬೇಕು, ಇಂಥದ್ದೇನೋ. ಆ ಪರದಾಟಕ್ಕೆ ನಾವು ನಗ್ತಿದ್ವಿ. ಅದಕ್ಕೇ 2020ರಲ್ಲಿ ‘ನಾನು ಮತ್ತು ಗುಂಡ’ದಲ್ಲಿ ಆಟೊ ಡ್ರೈವರ್ ಆಗಿ ಅಳಿಸೋಕೂ ಆಯ್ತು. ನಗಿಸೋ ಪಾತ್ರಕ್ಕೂ ಒಂದು ಹಟ, ಒಂದು ಭಯ ಇರಬೇಕು ಅಂತ ಗೊತ್ತಿದ್ದವರು ಯಾವ ಪಾತ್ರ ಬೇಕಾದ್ರೂ ಮಾಡ್ತಾರೆ.

ಹುಬ್ಬಳ್ಳಿ_ಮಂದಿ
ಶಿವರಾಜ್ ಬಗ್ಗೆ ನಾ ಏನೂ ಅನ್ನಂಗಿಲ್ರಿ. ಮೊದಲ ಸೀಸನ್ ಮಂದಿನ ಬ್ಯಾರೆ. ನಮ್ ಸಂಜು ಬಸಯ್ಯನೂ ಅದರಾಗ ಇದ್ದಾ. ಆದ್ರ ಅಂವನ ಎತ್ತರದ ಮ್ಯಾಲೆ ಎಷ್ಟ್ ಜೋಕ್ ಹಾಕ್ತಿದ್ರು! ಅಂವಾ ಜೋರ್ ಮಾಡೋ ಗಂಡನ ಪಾತ್ರನೋ, ಊರ ಹಿರ್ಯಾನ ಪಾತ್ರನೋ ಮಾಡಿದಾಗ ಎತ್ತರದ ಮಾತ ಬೇಕಾಗ್ತಿದ್ದಿಲ್ಲ. ಅಷ್ಟ್ ಚಂದ್ ಮಾಡೋ ಮನಷ್ಯಾಗ ಬರಿಯೋರು ಅದನ್ನ ಬಿಟ್ಟು ಬ್ಯಾರೆ ಬರೀಬೇಕಿತ್ತು.

ಸುಮಾ_ಮಲ್ಲೇಶ್ವರ
ಇದಕ್ಕೆ ನನ್ನ ಪೂರ್ತಿ ಬೆಂಬಲ. ದಪ್ಪ, ಕಪ್ಪು, ಕುಳ್ಳ, ತೊದಲು. ಇಷ್ಟರ ಮೇಲೇ ಗಂಟೆಗಟ್ಟಲೆ ಎಪಿಸೋಡ್ ಓಡಿಸಿದ್ದಾರೆ. ಮಕ್ಕಳು ಸೋಮವಾರ ಶಾಲೇಲಿ ಅದೇ ಮಾತನ್ನ ಪಕ್ಕದ ಮಗೂಗೆ ಅಂತಾರೆ. ನಾನು ಟೀಚರ್, ಕಣ್ಣಾರೆ ನೋಡಿದ್ದೀನಿ.

ಕರಾವಳಿ_ಕೂಸು
ನಗದೇ ನಿಂತವರು ಅಂತ ಕೇಳಿದ್ರಲ್ಲ, ನಮ್ಮ ರಾಕೇಶ್ ಪೂಜಾರಿ ಹೆಸರು ಇನ್ನೂ ಯಾರೂ ಹೇಳ್ಲಿಲ್ವಲ್ಲ ಮಾರ್ರೆ! ಕಾಮಿಡಿ ಕಿಲಾಡಿಗಳು ಮೂರನೇ ಸೀಸನ್ ಗೆದ್ದವ. ತುಳು ಹಾಸ್ಯದಿಂದ ಬಂದವ. ನಮ್ಮಲ್ಲಿ ‘ಬಲೆ ತೆಲಿಪಾಲೆ’ ಅಂತ ಲೋಕಲ್ ಚಾನೆಲ್‌ನಲ್ಲಿ ಸ್ಕಿಟ್ ಸ್ಪರ್ಧೆಯೇ ಬರ್ತಿತ್ತು, ಬೆಂಗಳೂರಿನವರಿಗೆ ಅದರ ಗಾಳಿಯೂ ಗೊತ್ತಿಲ್ಲ. ತುಳು ಹಾಸ್ಯನಟ ಅರವಿಂದ ಬೋಳಾರ್ ‘ಪ್ರೈವೇಟ್ ಚಾಲೆಂಜ್’ ಅನ್ನುವ ಮಾತುಕತೆ ಕಾರ್ಯಕ್ರಮದಲ್ಲಿ ಎದುರು ಕೂತವರ ಪ್ರಶ್ನೆಗೆ ಎಷ್ಟು ಗಂಭೀರವಾಗಿ ಎಡವಟ್ಟು ಉತ್ತರ ಕೊಡ್ತಾರೆ ನೋಡಿ. ಅಲ್ಲಿ ವಾಲ್ಟರ್ ನಂದಳಿಕೆ ನಗು ತಡ್ಕೊಳ್ಳುವುದೇ ಅರ್ಧ ಮಜಾ.

ನಮ್ಮ ಕಡೆ ಯಕ್ಷಗಾನದ ಹಾಸ್ಯಗಾರ ರಾಜನ ಹತ್ತಿರ ನಿಂತು ಮಾತಾಡ್ತಾನೆ. ರಾಜ ವೇಷದವ ನಕ್ಕರೆ ರಾಜತನ ಹೋಯ್ತು. ಹಾಗಾಗಿ ಅವ ನಗುವ ಹಾಗಿಲ್ಲ. ಹಾಸ್ಯಗಾರ ಎಷ್ಟು ಎಳೆದರೂ ರಾಜ ರಾಜನೇ. ಚಿಕ್ಕಂದಿನಿಂದ ಬಯಲಾಟ ನೋಡಿದವರಿಗೆ ಇದು ರಕ್ತದಲ್ಲಿ ಬಂದಿರ್ತದೆ. ರಾಕೇಶನಲ್ಲಿ ನನಗೆ ಕಂಡದ್ದು ಅದು. ಎದುರಿನವ ಪಂಚ್ ಹೊಡೆದಾಗ ಅವ ನಿಜವಾಗಿ ಕೇಳಿಸ್ಕೊಳ್ತಿದ್ದ. ತನ್ನ ಲೈನ್ ಯಾವಾಗ ಬರ್ತದೆ ಅಂತ ಕಾಯುವವನ ಮುಖ ಅಲ್ಲ ಅದು. 2025ರ ಮೇನಲ್ಲಿ ಕಾರ್ಕಳದ ಹತ್ತಿರ ಮೆಹಂದಿ ಕಾರ್ಯಕ್ರಮಕ್ಕೆ ಹೋದವ ಹೃದಯಾಘಾತ ಆಗಿ ಹೋಗಿಬಿಟ್ಟ. ಸಾಯುವ ವಯಸ್ಸಾ ಅದು?

ಪಾಂಡು_ಫ್ಯಾನ್
😞 ಆ ಸುದ್ದಿ ಕೇಳಿದ ದಿನ ನಮ್ಮಮ್ಮ ಊಟ ಮಾಡಲಿಲ್ಲ.

ಹಳೇ_ನೋಡುಗ
@ಕರಾವಳಿ_ಕೂಸು ರಾಜ–ಹಾಸ್ಯಗಾರರ ಮಾತು ನನ್ನ ವಾದವನ್ನ ನನಗಿಂತ ಚೆನ್ನಾಗಿ ಹೇಳಿತು. ರಾಕೇಶ್ ತಮ್ಮ ಎದುರಿನ ನಟರನ್ನ ದೊಡ್ಡವರಾಗಿ ಕಾಣಿಸ್ತಿದ್ರು.

ಎಡಿಟ್_ಟೇಬಲ್
ಯಾಕೆ ಸುಸ್ತು ಮಾಡ್ತಿವೆ ಅನ್ನೋ ಪ್ರಶ್ನೆಗೆ ನಾನು ಉತ್ತರ ಹೇಳ್ತೀನಿ. ಇಂಥ ಕಾರ್ಯಕ್ರಮಗಳ ಎಡಿಟಿಂಗ್ ಮಾಡ್ತಿದ್ದೆ. ಯಾವ ಚಾನೆಲ್ ಅಂತ ಕೇಳಬೇಡಿ.

ಸ್ಕಿಟ್ ಶೂಟ್ ಆಗುವಾಗ ಕೆಲವು ಕ್ಯಾಮೆರಾ ನಟರ ಮೇಲೆ, ಕೆಲವು ಜಡ್ಜ್‌ಗಳ ಮೇಲೆ, ಒಂದು ಪ್ರೇಕ್ಷಕರ ಮೇಲೆ. ಟೇಬಲ್‌ಗೆ ಬಂದ ಮೇಲೆ ಹೇಳೋದು ಒಂದೇ: ಪ್ರತಿ ಪಂಚ್‌ಗೂ ರಿಯಾಕ್ಷನ್ ಶಾಟ್ ಹಾಕು. ಅಲ್ಲಿ ಯಾರೂ ನಕ್ಕಿಲ್ಲ ಅಂದ್ರೆ ಬೇರೆ ಕಡೆ ನಕ್ಕಿದ್ದನ್ನ ತಂದು ಅಂಟಿಸು. ಮೇಲೆ ‘ಟೊಂಯ್’ ಅಂತ ಸೌಂಡು, ಕೋಳಿ ಕೂಗು, ಸಿನಿಮಾ ಡೈಲಾಗು. ಇದರಲ್ಲಿ ಕತ್ತರಿಸಿ ಹೋಗೋದು ಯಾವುದು ಗೊತ್ತಾ? ಪಂಚ್ ತಗೊಂಡವನ ಮುಖ. ಒಬ್ಬ ನಟಿ ಗಂಡನ ಸುಳ್ಳು ಕೇಳಿ ಮಾತಾಡದೆ, ಕೈಲಿದ್ದ ಟೀ ಲೋಟನ ನಿಧಾನಕ್ಕೆ ಕೆಳಗಿಟ್ಟು, ಸೆರಗು ಸಿಕ್ಕಿಸ್ಕೊಂಡ್ರು. ಸೆಟ್‌ನಲ್ಲಿ ಇಡೀ ಯೂನಿಟ್ ಬಿದ್ದು ಬಿದ್ದು ನಕ್ಕಿತ್ತು. ಟಿವೀಲಿ ಬಂದಿದ್ದು ಏನು? ಸುಳ್ಳು ಮಾತು, ಜಡ್ಜ್ ನಗು, ಕೋಳಿ ಕೂಗು, ಮುಂದಿನ ಡೈಲಾಗು. ಲೋಟ ಇಟ್ಟಿದ್ದೂ ಇಲ್ಲ, ಸೆರಗೂ ಇಲ್ಲ. ಎಷ್ಟು ಕೇಳ್ಕೊಂಡ್ರೂ ಆ ಶಾಟ್ ಉಳಿಸೋಕೆ ಬಿಡಲಿಲ್ಲ. ‘ಸೈಲೆನ್ಸ್ ಇದ್ರೆ ಜನ ಚಾನೆಲ್ ಬದಲಾಯಿಸ್ತಾರೆ’ ಅಂದ್ರು.

ರಂಗದ_ಹುಳು
ಓದಿ ಹೊಟ್ಟೆ ಉರೀತು.

ಗೃಹಿಣಿ_ಗೀತಾ
ಎಲ್ಲರೂ ಜಡ್ಜ್‌ಗಳನ್ನ ಬಯ್ತಿದ್ದೀರಿ, ನನ್ನದೂ ಒಂದು ಮಾತು ಕೇಳಿ. ಮನೇಲಿ ನಾನು, ನಮ್ಮತ್ತೆ ಇಬ್ಬರೇ ಟಿವಿ ನೋಡೋದು. ಕಾಮಿಡಿ ಕಿಲಾಡಿಗಳಲ್ಲಿ ಜಗ್ಗೇಶ್, ರಕ್ಷಿತಾ, ಯೋಗರಾಜ್ ಭಟ್ ನಗ್ತಿದ್ರೆ ಮನೆ ತುಂಬ ಜನ ಇದ್ದ ಹಾಗೆ ಅನ್ಸುತ್ತೆ. ಅತ್ತೆಗೆ ಕಿವಿ ಸ್ವಲ್ಪ ಮಂದ, ಜೋಕ್ ಕೇಳಿಸದಿದ್ರೂ ಅವರು ನಗೋದು ನೋಡಿ ನಗ್ತಾರೆ. ಒಬ್ಬರೇ ಕೂತು ನಗೋದು ಸುಲಭ ಅಲ್ಲ. ಅದೂ ಲೆಕ್ಕಕ್ಕೆ ತಗೊಳ್ಳಿ.

ಎಡಿಟ್_ಟೇಬಲ್
@ಗೃಹಿಣಿ_ಗೀತಾ ಅಕ್ಕಾ, ನಗು ಬೇಡ ಅಂತಲ್ಲ. ಅವರು ನಿಜವಾಗಿ ನಕ್ಕಾಗ ತೋರಿಸಲಿ, ಆ ನಗುಗೆ ಬೆಲೆ ಬರುತ್ತೆ. ನಟನ ಮುಖ ನೋಡಿ ನಾವು ಮೊದಲು ನಗೋಣ, ಆಮೇಲೆ ಅವರ ನಗು ಬರಲಿ. ಈ ಕ್ರಮ ತಿರುವುಮುರುವಾದ್ರೆ ಕೆಟ್ಟುಹೋಗುತ್ತೆ.

ಚಾಮರಾಜಪೇಟೆ_ಚಂದ್ರು
ಜಗ್ಗೇಶ್ ಟೈಮಿಂಗ್ ಬಗ್ಗೆ ಹೇಳ್ತಿದ್ದ ಮಾತುಗಳು ಮಾತ್ರ ಪಾಠದ ಹಾಗಿರ್ತಿದ್ವು. ಚಿಕ್ಕ ಪಾತ್ರಗಳಿಂದ ಮೇಲೆ ಬಂದ ಮನುಷ್ಯ, ಎಲ್ಲಿ ನಿಂತ್ರೆ ಕಣ್ಣಿಗೆ ಬೀಳ್ತೀವಿ ಅಂತ ಗೊತ್ತಿರೋರು. ಮಾಸ್ಟರ್ ಆನಂದ್ ನಿರೂಪಣೆನೂ ಹಾಗೇ, ಬಾಲನಟನಾಗಿದ್ದಾಗಿಂದ ಕ್ಯಾಮೆರಾ ಮುಂದೆ ಬೆಳೆದವರು. ಬಿದ್ದುಹೋಗ್ತಿದ್ದ ಸ್ಕಿಟ್‌ನ ಕೊನೆಗೆ ಒಂದು ಮಾತಲ್ಲಿ ಎತ್ತಿಬಿಡ್ತಿದ್ರು.

ನೋಡಿ_ನಗಿ
ಮಾಸ್ಟರ್ ಆನಂದ್ ಮಗಳು ವಂಶಿಕಾನೂ ‘ಗಿಚ್ಚಿ ಗಿಲಿಗಿಲಿ’ ಕಾಮಿಡಿ ಶೋ ಗೆದ್ಲು, 2022ರಲ್ಲಿ ಶಿವು ಜೊತೆ. ಆ ವಯಸ್ಸಿಗೆ ಅಷ್ಟು ಮಾತು ನೆನಪಿಟ್ಕೊಳ್ಳೋದೇ ದೊಡ್ಡದು.

ಸುಮಾ_ಮಲ್ಲೇಶ್ವರ
ಮಗು ಚೂಟಿ. ಆದ್ರೆ ದೊಡ್ಡವರ ಮಾತನ್ನ ಮಕ್ಕಳ ಬಾಯಲ್ಲಿ ಹೇಳಿಸೋದು ನನಗೆ ಇಷ್ಟ ಆಗಲ್ಲ. ಮಕ್ಕಳ ಜಗಳ, ಮಕ್ಕಳ ಸುಳ್ಳು, ಮಕ್ಕಳ ಲೆಕ್ಕಾಚಾರ ಎಷ್ಟು ನಗು ತರುತ್ತೆ, ಅದನ್ನ ಬರೀಲಿ.

ಚುಕ್ಕಿ_ಚಂದ್ರಮ
ಯಾರೂ ಎತ್ತದ ವಿಷಯ: ಗಂಡಸರ ಸೀರೆ ವೇಷ. ಒಂದು ಕಾಲಕ್ಕೆ ಇಷ್ಟ ಆಗ್ತಿತ್ತು. ಈಗ ಪ್ರತಿ ಸ್ಕಿಟ್‌ನಲ್ಲೂ ಯಾರೋ ಒಬ್ಬರು ಸೀರೆ ಉಟ್ಟು, ಸೊಂಟ ತಿರುಗಿಸಿ, ಡಬಲ್ ಮೀನಿಂಗ್ ಹೇಳ್ತಾರೆ. ಮನೆಮಂದಿ ಜೊತೆ ಕೂತು ನೋಡೋಕಾಗಲ್ಲ.

ಕರಾವಳಿ_ಕೂಸು
ವೇಷದ ತಪ್ಪು ಎಂತದ್ದು? ಯಕ್ಷಗಾನದಲ್ಲಿ ಗಂಡಸರೇ ಸ್ತ್ರೀವೇಷ ಮಾಡುವುದು, ಯಾರೂ ನಗುವುದಿಲ್ಲ. ದಮಯಂತಿ ಅತ್ತರೆ ಪ್ರೇಕ್ಷಕರೂ ಅಳ್ತಾರೆ. ವೇಷ ಹಾಕಿದವನು ಆ ಹೆಂಗಸನ್ನು ಗೌರವದಿಂದ ನೋಡಿದ್ದಾನಾ ಇಲ್ವಾ ಅನ್ನುವುದೇ ವಿಷಯ. ಮಜಾ ಟಾಕೀಸ್‌ನ ಪವನ್ ಕುಮಾರ್ ವೇಷಕ್ಕೆ ಒಂದು ಲಾಲಿತ್ಯ ಇತ್ತು ಅಂತ ನನ್ನ ಅನಿಸಿಕೆ.

ರಂಗದ_ಹುಳು
ಇದರ ಇನ್ನೊಂದು ಮಗ್ಗುಲು ನೋಡಿ. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದ್ರು. ಎಲ್ಲ ಪಾತ್ರವೂ ಹೆಂಗಸರದ್ದೇ. ಅವರ ಕಂಸ ಅಂದ್ರೆ ಜನ ನಡುಗ್ತಿದ್ರು. 2012ರಲ್ಲಿ ಪದ್ಮಶ್ರೀ ಬಂತು. ಅಂಥ ಪರಂಪರೆ ಇಟ್ಕೊಂಡು ನಮ್ಮ ಸ್ಕಿಟ್‌ಗಳಲ್ಲಿ ಮೀಸೆ ಹಚ್ಚಿದ ಹೆಂಗಸರು ಎಷ್ಟು ಅಪರೂಪ! ಕಿಲಾಡಿಗಳ ನಯನಾ ಅವರಿಗೆ ಒಂದು ಜೋರಿನ ಗೌಡನ ಪಾತ್ರ ಕೊಟ್ಟಿದ್ರೆ ಸೆಟ್ ಅದುರಿಹೋಗ್ತಿತ್ತು. ಆ ದನಿ, ಆ ನಿಲುವು ಎರಡೂ ಅವರಿಗಿದೆ. ಹೆಣ್ಣುಮಕ್ಕಳಿಗೆ ಬರೆಯೋದು ಎರಡೇ, ಬಜಾರಿ ಹೆಂಡತಿ ಇಲ್ಲ ಕಾಲೇಜು ಹುಡುಗಿ.

ಚುಕ್ಕಿ_ಚಂದ್ರಮ
ಈ ಕೊನೆ ಸಾಲನ್ನ ಚಾನೆಲ್ ಆಫೀಸಿನ ಗೋಡೆ ಮೇಲೆ ಬರೆಸಬೇಕು.

ಬಾಲ್ಕನಿ_ಸೀಟು
ಎಲ್ಲ ‘ಬರೆಯೋರು’ ಅಂತೀರಿ. ಬರೆಯೋರು ಯಾರು ಅಂತ ಇಲ್ಲಿ ಒಬ್ಬರಿಗಾದ್ರೂ ಗೊತ್ತಾ? ನಟರ ಹೆಸರು, ಜಡ್ಜ್ ಹೆಸರು ಬಾಯಿಪಾಠ. ವಾರ ವಾರ ರಾತ್ರಿಯೆಲ್ಲ ಕೂತು ಸ್ಕಿಟ್ ಬರೆದ ಹುಡುಗರ ಹೆಸರು ಕೊನೇಲಿ ಕಣ್ಣು ಮಿಟುಕಿಸೋದ್ರೊಳಗೆ ಓಡಿಹೋಗುತ್ತೆ. ಸ್ಕಿಟ್ ಶುರುವಾಗುವಾಗ ‘ರಚನೆ: ಇಂಥವರು’ ಅಂತ ಒಂದು ಪಟ್ಟಿ ಹಾಕಿದ್ರೆ ಏನು ಗಂಟು ಹೋಗುತ್ತೆ? ಹೆಸರು ಬಂದ್ರೆ ಬರೆಯೋನಿಗೂ ಜವಾಬ್ದಾರಿ ಬರುತ್ತೆ.

ಎಡಿಟ್_ಟೇಬಲ್
+1. ಸೋಮವಾರ ವಿಷಯ ಕೊಟ್ಟು ಗುರುವಾರ ಶೂಟ್ ಅಂದ್ರೆ ಎಂಥಾ ಜಾಣನೂ ಹಳೇ ಜೋಕನ್ನೇ ತಿರುಗಿಸಿ ಹಾಕ್ತಾನೆ.

ನ್ಯೂಜೆರ್ಸಿ_ನಾಗರಾಜ
ಇಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಿವಿಗೆ ಬೀಳೋದೇ ಈ ತುಣುಕುಗಳಿಂದ. ಮಗ ಮಜಾ ಟಾಕೀಸ್‌ನ ಕುರಿ ಪ್ರತಾಪ್ ಥರ ಮಾತಾಡಿ ಅಜ್ಜಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸ್ತಾನೆ. ಎಡಿಟಿಂಗ್, ಸೌಂಡು ಎಲ್ಲ ನೀವು ಹೇಳಿದ ಹಾಗೇ ಕಿರಿಕಿರಿ. ಆದರೂ ಇವು ಬರದೇ ಹೋದ್ರೆ ನಮಗೆ ದೊಡ್ಡ ನಷ್ಟ.

ಚಾಮರಾಜಪೇಟೆ_ಚಂದ್ರು
ಕುರಿ ಪ್ರತಾಪ್ ಬಿಗ್ ಬಾಸ್ ಏಳನೇ ಸೀಸನ್‌ನಲ್ಲಿ ರನ್ನರ್ ಅಪ್ ಆಗಿದ್ದೂ ಅದಕ್ಕೇ. ಜೋಕ್ ಹೇಳ್ತೀನಿ ಅಂತ ಹೊರಡದೇ ನಗಿಸ್ತಾರೆ.

ಪಾಂಡು_ಫ್ಯಾನ್
ಬಿಗ್ ಬಾಸ್ ಮಾತು ಶುರು ಮಾಡಬೇಡಿ, ಈ ಚರ್ಚೆ ಇಲ್ಲಿಗೇ ಮುಗಿದುಹೋಗುತ್ತೆ.

ಹಾಸ್ಟೆಲ್_ಹನುಮ
ಎಲ್ಲರಿಗೂ ನಮಸ್ಕಾರ. ನಾವು ತುಮಕೂರಲ್ಲಿ ಓದ್ತಿರೋರು. ಕಾಲೇಜ್ ಡೇಗೆ ಸ್ಕಿಟ್ ಮಾಡ್ತಿದ್ದೀವಿ: ಹಾಸ್ಟೆಲ್ ವಾರ್ಡನ್, ತಡವಾಗಿ ಬಂದ ಹುಡುಗ, ಅವನ ಪರ ಸುಳ್ಳು ಹೇಳೋ ಗೆಳೆಯ. ಮೂರೇ ಜನ. ಗೆಳೆಯನ ಪಾತ್ರದವನು ಸೂಪರ್, ಆದ್ರೆ ವಾರ್ಡನ್ ಮಾಡೋನಿಗೆ ಪ್ರತಿ ರಿಹರ್ಸಲ್‌ನಲ್ಲೂ ನಗು ಬಂದುಬಿಡುತ್ತೆ. ಏನು ಮಾಡೋದು?

ಹಳೇ_ನೋಡುಗ
@ಹಾಸ್ಟೆಲ್_ಹನುಮ ನಗಬೇಡ ಅಂತ ಹೇಳಬೇಡಪ್ಪ, ಜಾಸ್ತಿ ನಗು ಬರುತ್ತೆ. ಅವನಿಗೊಂದು ಕೆಲಸ ಕೊಡು. ಹಾಜರಾತಿ ಪುಸ್ತಕದಲ್ಲಿ ಗೆರೆ ಎಳೀತಿರಲಿ, ಗೆರೆ ಸೊಟ್ಟ ಆಗಬಾರದು ಅಂತ ನಿಜವಾಗಿ ಗಮನ ಇಟ್ಟು. ಪ್ರತಿ ಸುಳ್ಳಿಗೂ ಪೆನ್ ನಿಲ್ಲಲಿ. ತಲೆ ಎತ್ತೋದು ಕೊನೇ ಸುಳ್ಳಿಗೆ ಮಾತ್ರ.

ರಂಗದ_ಹುಳು
ಜೊತೆಗೆ ವಾರ್ಡನ್‌ಗೂ ಒಂದು ಕಾರಣ ಇರಲಿ. ರಾತ್ರಿ ಊರಿಗೆ ಬಸ್ ಹಿಡೀಬೇಕು, ಇವರಿಂದ ತಡ ಆಗ್ತಿದೆ. ಆಗ ಸಿಟ್ಟು ತಾನಾಗೇ ಬರುತ್ತೆ, ನಗು ಬರಲ್ಲ.

ಹಾಸ್ಟೆಲ್_ಹನುಮ
ಸೂಪರ್ ಸಾರ್, ಇವತ್ತೇ ಟ್ರೈ ಮಾಡ್ತೀವಿ. ಇನ್ನೊಂದು ಡೌಟು: ಸ್ಟೇಜಲ್ಲಿ ಸ್ಟ್ಯಾಂಡ್ ಮೈಕ್ ಒಂದೇ ಇರೋದು. ಗೆಳೆಯನ ಮುಂದೆ ಇಡೋಣ್ವಾ?

ಎಡಿಟ್_ಟೇಬಲ್
ವಾರ್ಡನ್ ಟೇಬಲ್ ಮೇಲೆ ಇಡು. ಗೆಳೆಯ ಸುಳ್ಳು ಹೇಳೋಕೆ ಹತ್ತಿರ ಬಂದೇ ಬರ್ತಾನೆ. ಪೆನ್ ನಿಂತಿದ್ದೂ ಕೊನೇ ಸಾಲಿನವರಿಗೆ ಕೇಳಿಸುತ್ತೆ.